‘ಕಮ್ಸ್ ಇನ್’ ಬಳಸಿ ಬಣ್ಣದ ಆಯ್ಕೆಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

‘ಈ ಬ್ಯಾಗು ಮೂರು ಬಣ್ಣದಲ್ಲಿ ಬರುತ್ತೆ.’ ಕನ್ನಡದಲ್ಲಿ ಇದನ್ನು ಹೇಳಲು ಯಾರೂ ಯೋಚನೆ ಮಾಡಬೇಕಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ತೊಡಕು ಶುರುವಾಗುತ್ತದೆ. ತುಂಬಾ ಜನ ‘ದಿಸ್ ಬ್ಯಾಗ್ ಹ್ಯಾಸ್ ಥ್ರೀ ಕಲರ್ಸ್’ ಅಂತ ಬರೆದುಬಿಡುತ್ತಾರೆ. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಓದಿದವರ ಕಣ್ಣಮುಂದೆ ಬರುವುದು ಬೇರೆಯದೇ ಬ್ಯಾಗು. ಒಂದೇ ಬ್ಯಾಗಿನ ಮೇಲೆ ಮೂರು ಬಣ್ಣ ಬಳಿದಿರುವಂಥದ್ದು.

ನಮಗೆ ಬೇಕಾದ ಮಾತು ‘ದಿಸ್ ಬ್ಯಾಗ್ ಕಮ್ಸ್ ಇನ್ ಥ್ರೀ ಕಲರ್ಸ್’. ಇದನ್ನು ಬಿಡಿಸಿ ನೋಡಿ. ‘ಕಮ್ಸ್’ ಅಂದರೆ ‘ಬರುತ್ತೆ’. ‘ಇನ್’ ಅಂದರೆ ನಮ್ಮ ‘ಅಲ್ಲಿ’. ‘ಮೂರು ಬಣ್ಣದಲ್ಲಿ ಬರುತ್ತೆ’ ಅನ್ನುವುದಕ್ಕೂ ಇದಕ್ಕೂ ಪದಗಳ ಜಾಗ ಮಾತ್ರ ಅದಲು ಬದಲು. ಅಂದರೆ ಈ ನುಡಿಗಟ್ಟನ್ನು ನೀವು ಹೊಸದಾಗಿ ಕಲಿಯಬೇಕಿಲ್ಲ. ನಿಮ್ಮ ಕನ್ನಡದಲ್ಲೇ ಅದು ಇದೆ. ವಸ್ತುಗಳ ವಿವರಣೆ ಬರೆಯುವ ಕೆಲಸವನ್ನು ನಾನು ಬಹಳ ದಿನ ಮಾಡಿದ್ದೇನೆ. ಕನ್ನಡದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿ, ಆಮೇಲೆ ಇಂಗ್ಲಿಷಿಗೆ ಇಳಿಸಿದರೆ ಅರ್ಧ ತಪ್ಪುಗಳು ತಾವಾಗಿಯೇ ಹೋಗುತ್ತವೆ. ಉಳಿದ ಅರ್ಧ ತಪ್ಪುಗಳು ಬರುವುದೂ ಕನ್ನಡದಿಂದಲೇ. ಎರಡನ್ನೂ ಒಂದೊಂದಾಗಿ ನೋಡೋಣ.

ಹಂತ 1: ‘ಬರುತ್ತೆ’ ಬೇಕೋ, ‘ಸಿಗುತ್ತೆ’ ಬೇಕೋ ತೀರ್ಮಾನಿಸಿ

ಬಣ್ಣದ ಬಗ್ಗೆ ಕೇಳಿದಾಗ ನಾವು ಎರಡು ಬೇರೆ ಮಾತು ಬಳಸುತ್ತೇವೆ. ‘ಇದು ನೀಲಿಯಲ್ಲೂ ಬರುತ್ತೆ, ಆದರೆ ಈಗ ಸಿಗ್ತಿಲ್ಲ’ ಅನ್ನುತ್ತೇವೆ ಅಲ್ವಾ? ‘ಬರುತ್ತೆ’ ಅಂದರೆ ತಯಾರಕರು ಆ ಬಣ್ಣದಲ್ಲಿ ಮಾಡುತ್ತಾರೆ ಎಂದು. ‘ಸಿಗುತ್ತೆ’ ಅಂದರೆ ಈಗ ಕೊಳ್ಳಬಹುದು ಎಂದು.

ಇಂಗ್ಲಿಷಿನಲ್ಲೂ ಇದೇ ಜೋಡಿ ಇದೆ. ‘ಕಮ್ಸ್ ಇನ್’ ಅನ್ನುವುದು ನಮ್ಮ ‘ಬರುತ್ತೆ’. ‘ಅವೈಲಬಲ್ ಇನ್’ ಅನ್ನುವುದು ಹೆಚ್ಚುಕಡಿಮೆ ನಮ್ಮ ‘ಸಿಗುತ್ತೆ’. ದಿನಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದರೂ ನಡೆಯುತ್ತದೆ. ಆದರೆ ಸ್ಟಾಕ್ ಇಲ್ಲದ ಬಣ್ಣವನ್ನು ‘ಅವೈಲಬಲ್ ಇನ್’ ಪಟ್ಟಿಗೆ ಸೇರಿಸಿದರೆ ಕೊಳ್ಳಲು ಬಂದವರಿಗೆ ಸುಳ್ಳು ಹೇಳಿದಂತಾಗುತ್ತದೆ. ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ವಸ್ತುವಿನ ಗುಣ ಹೇಳುವ ಸಾಲಿನಲ್ಲಿ ‘ಕಮ್ಸ್ ಇನ್’. ಈಗಿನ ಪರಿಸ್ಥಿತಿ ಹೇಳುವ ಸಾಲಿನಲ್ಲಿ ‘ಕರೆಂಟ್ಲಿ ಅವೈಲಬಲ್ ಇನ್’. ಮೊದಲನೆಯದು ವರ್ಷಗಟ್ಟಲೆ ಹಾಗೇ ಇರಬಹುದು. ಎರಡನೆಯದನ್ನು ಸ್ಟಾಕ್ ಬದಲಾದಾಗಲೆಲ್ಲ ತಿದ್ದಬೇಕು.

ಧಾಟಿಯಲ್ಲೂ ಸ್ವಲ್ಪ ವ್ಯತ್ಯಾಸ ಇದೆ. ‘ಕಮ್ಸ್ ಇನ್’ ಎದುರಿಗೆ ಕೂತು ಮಾತಾಡಿದಂತೆ ಕೇಳುತ್ತದೆ. ‘ಅವೈಲಬಲ್ ಇನ್’ ಕ್ಯಾಟಲಾಗಿನ ಮಾತು. ಡಬ್ಬದ ಮೇಲೆ, ಲೇಬಲ್ ಮೇಲೆ ಜಾಗ ಕಡಿಮೆ ಇದ್ದಾಗ ‘ಆಲ್ಸೋ ಅವೈಲಬಲ್ ಇನ್ ರೆಡ್’ ಅಂತ ಕ್ರಿಯಾಪದ ಇಲ್ಲದೆಯೂ ಬರೆಯಬಹುದು. ಪೂರ್ತಿ ವಾಕ್ಯ ಬರೆಯುವಾಗ ಮಾತ್ರ ‘ಈಸ್’ ಅಥವಾ ‘ಆರ್’ ಬಿಡುವಂತಿಲ್ಲ.

ಹಂತ 2: ವಾಕ್ಯದ ಅಚ್ಚು ಸರಿಮಾಡಿಕೊಳ್ಳಿ

ಅಚ್ಚು ಚಿಕ್ಕದು. ವಸ್ತುವಿನ ಹೆಸರು, ‘ಕಮ್ಸ್ ಇನ್’, ಆಮೇಲೆ ಬಣ್ಣ. ಕನ್ನಡದ ಅಭ್ಯಾಸ ನಮಗೆ ಕಾಲುಕೊಡುವುದು ಇಲ್ಲಿಯೇ. ಅದಕ್ಕೆ ಈ ಹಂತದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲನೆಯದು ಏಕವಚನ, ಬಹುವಚನ. ವಸ್ತು ಒಂದಾದರೆ ‘ದ ಶರ್ಟ್ ಕಮ್ಸ್ ಇನ್’. ಹಲವಾದರೆ ‘ದ ಶರ್ಟ್ಸ್ ಕಮ್ ಇನ್’. ಕೊನೆಯ ‘ಸ್’ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ ಎಂದು ನೆನಪಿಡಿ.

ಎರಡನೆಯದು ಬಣ್ಣದ ಎಣಿಕೆ. ಕನ್ನಡದಲ್ಲಿ ‘ಮೂರು ಬಣ್ಣ’ ಅಂದರೆ ಸಾಕು, ‘ಗಳು’ ಬೇಡ. ಎಣಿಕೆ ಹೇಳಿದ ಮೇಲೆ ಬಹುವಚನ ಅದರಲ್ಲೇ ಬಂತು. ಇಂಗ್ಲಿಷಿನಲ್ಲಿ ಹಾಗಲ್ಲ. ‘ಥ್ರೀ ಕಲರ್’ ತಪ್ಪು, ‘ಥ್ರೀ ಕಲರ್ಸ್’ ಸರಿ. ಅವಸರದಲ್ಲಿ ಬರೆದ ವಿವರಣೆಗಳಲ್ಲಿ ನಾನು ಅತಿ ಹೆಚ್ಚು ತಿದ್ದಿರುವುದು ಈ ಒಂದು ಅಕ್ಷರವನ್ನೇ.

ಮೂರನೆಯದು ‘ಕಮಿಂಗ್’. ‘ದಿಸ್ ಶರ್ಟ್ ಈಸ್ ಕಮಿಂಗ್ ಇನ್ ಬ್ಲೂ’ ಅಂತ ಬರೆಯುವವರು ಬಹಳ ಜನ. ‘ಬರ್ತಾ ಇದೆ’ ಅನ್ನುವ ನಮ್ಮ ಮಾತು ಅಲ್ಲಿಗೆ ಹಾಗೇ ಜಿಗಿದಿರುತ್ತದೆ. ಇಂಗ್ಲಿಷ್ ಓದುಗರಿಗೆ ಅದರ ಅರ್ಥ ‘ನೀಲಿ ಬಣ್ಣದ್ದು ಇನ್ನು ಮೇಲೆ ಬರಲಿದೆ’ ಎಂದು. ಬಣ್ಣದ ಆಯ್ಕೆ ಇರುವುದು ವಸ್ತುವಿನ ಸ್ಥಿರವಾದ ಗುಣ. ಅದಕ್ಕೆ ‘ಕಮ್ಸ್’ ಮಾತ್ರ ಹೊಂದುತ್ತದೆ. ಹೊಸ ಬಣ್ಣ ನಿಜವಾಗಿ ಬರುವುದಿದ್ದರೆ ‘ವಿಲ್ ಸೂನ್ ಕಮ್ ಇನ್ ಬ್ಲೂ’ ಅನ್ನಿ, ಅನುಮಾನವೇ ಉಳಿಯುವುದಿಲ್ಲ.

ನಾಲ್ಕನೆಯದು ‘ಇನ್ ರೆಡ್ ಕಲರ್’. ನಾವು ‘ಕೆಂಪು ಬಣ್ಣದಲ್ಲಿ’ ಅನ್ನುತ್ತೇವೆ, ಅದಕ್ಕೇ ‘ಕಲರ್’ ತಾನಾಗಿ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಕಮ್ಸ್ ಇನ್ ರೆಡ್’ ಅಷ್ಟೇ ಸಾಕು. ಕೆಂಪು ಒಂದು ಬಣ್ಣ ಅನ್ನುವುದು ಓದುವವರಿಗೆ ಗೊತ್ತೇ ಇದೆ.

ಐದನೆಯದು ಜೋಡಿ ಪದ. ‘ಬೇರೆ ಬೇರೆ ಬಣ್ಣದಲ್ಲಿ ಬರುತ್ತೆ’ ಅನ್ನುವುದು ಕನ್ನಡದ ಚಂದ. ಅದನ್ನು ‘ಡಿಫರೆಂಟ್ ಡಿಫರೆಂಟ್ ಕಲರ್ಸ್’ ಮಾಡಬೇಡಿ. ‘ಡಿಫರೆಂಟ್ ಕಲರ್ಸ್’ ಅಥವಾ ‘ಎ ರೇಂಜ್ ಆಫ್ ಕಲರ್ಸ್’ ಸಾಕು.

ಒಂದೇ ಬಣ್ಣ ಇದ್ದರೆ? ‘ಇಟ್ ಓನ್ಲಿ ಕಮ್ಸ್ ಇನ್ ಬ್ಲ್ಯಾಕ್’, ‘ಇಟ್ ಕಮ್ಸ್ ಓನ್ಲಿ ಇನ್ ಬ್ಲ್ಯಾಕ್’ ಎರಡೂ ಸರಿ. ಬರಹಕ್ಕೆ ಎರಡನೆಯದು ನನಗೆ ಹಿಡಿಸುತ್ತದೆ. ‘ಓನ್ಲಿ’ ಬಣ್ಣದ ಪಕ್ಕದಲ್ಲೇ ನಿಲ್ಲುವುದರಿಂದ ಮಾತು ನಿಖರವಾಗಿರುತ್ತದೆ. ನಮ್ಮ ‘ಕಪ್ಪು ಮಾತ್ರ’ ಅನ್ನುವ ಕ್ರಮದಲ್ಲಿ ‘ಓನ್ಲಿ’ಯನ್ನು ವಾಕ್ಯದ ಕೊನೆಗೆ ತಳ್ಳುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಹಿಂದಿನ ಕಾಲಕ್ಕೆ ‘ಕೇಮ್ ಇನ್’. ಇದಕ್ಕೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಒಳ್ಳೆಯ ಉದಾಹರಣೆ. 1908ರಲ್ಲಿ ಬಂದ ಈ ಕಾರು ಮೊದಲ ವರ್ಷಗಳಲ್ಲಿ ಬೇರೆ ಬಣ್ಣಗಳಲ್ಲೂ ಇತ್ತು. 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಬಂತು. ಇದನ್ನು ‘ಫ್ರಮ್ 1914 ಟು 1925, ದ ಮಾಡೆಲ್ ಟಿ ಕೇಮ್ ಓನ್ಲಿ ಇನ್ ಬ್ಲ್ಯಾಕ್’ ಅಂತ ಬರೆಯಬೇಕು. ಮೊದಲು ಬರುತ್ತಿದ್ದು ಈಗ ನಿಂತುಹೋದ ಬಣ್ಣಕ್ಕೆ ‘ಯೂಸ್ಡ್ ಟು ಕಮ್ ಇನ್’ ಅನ್ನಬಹುದು. ಹಳೆಯ ಗ್ರಾಹಕರು ‘ಆ ಹಸಿರು ಎಲ್ಲಿ ಹೋಯ್ತು?’ ಅಂತ ಕೇಳಿದಾಗ ಈ ಮಾತು ಬೇಕಾಗುತ್ತದೆ.

ಹಂತ 3: ಬಣ್ಣಗಳನ್ನು ಗೊಂದಲವಿಲ್ಲದೆ ಪಟ್ಟಿ ಮಾಡಿ

ಎರಡು ದಾರಿ ಇವೆ. ನೇರವಾಗಿ ಹೆಸರು ಹೇಳಬಹುದು: ‘ಕಮ್ಸ್ ಇನ್ ರೆಡ್, ಗ್ರೀನ್ ಆ್ಯಂಡ್ ಬ್ಲೂ’. ಅಥವಾ ಮೊದಲು ಎಣಿಕೆ ಹೇಳಿ, ಕೋಲನ್ ಹಾಕಿ, ಆಮೇಲೆ ಹೆಸರು ಹೇಳಬಹುದು: ‘ಕಮ್ಸ್ ಇನ್ ಥ್ರೀ ಕಲರ್ಸ್: ರೆಡ್, ಗ್ರೀನ್ ಆ್ಯಂಡ್ ಬ್ಲೂ’. ಮೊದಲ ದಾರಿಯಲ್ಲಿ ‘ಇನ್’ ಆದ ತಕ್ಷಣ ಕೋಲನ್ ಹಾಕಬಾರದು. ಅದು ವಾಕ್ಯವನ್ನು ನಡುವೆ ಮುರಿಯುತ್ತದೆ.

ನಾನು ಎರಡನೇ ದಾರಿಯ ಪಕ್ಷ. ಕಾರಣ ಇದೆ. ಒಂದು ಸಲ ನಾನು ಒಂದು ಕೊಡೆಯ ಬಗ್ಗೆ ‘ಕಮ್ಸ್ ಇನ್ ಬ್ಲ್ಯಾಕ್ ಆ್ಯಂಡ್ ವೈಟ್’ ಅಂತ ಬರೆದಿದ್ದೆ. ಕಪ್ಪು ಕೊಡೆ ಒಂದು, ಬಿಳಿ ಕೊಡೆ ಒಂದು ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಕೊಂಡವರೊಬ್ಬರು ಕಪ್ಪು ಬಿಳಿ ಪಟ್ಟೆಗಳ ಕೊಡೆ ಅಂದುಕೊಂಡಿದ್ದರು. ಪೂರ್ತಿ ಕಪ್ಪು ಕೊಡೆ ಕೈಗೆ ಬಂದಾಗ ಅವರು ಬೇಜಾರು ಮಾಡಿಕೊಂಡಿದ್ದು ನ್ಯಾಯವೇ ಆಗಿತ್ತು. ಆ ವಾಕ್ಯಕ್ಕೆ ನಿಜವಾಗಿಯೂ ಎರಡು ಅರ್ಥ ಇದೆ.

ಇದನ್ನು ಬಗೆಹರಿಸುವುದು ಸುಲಭ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ‘ಕಮ್ಸ್ ಇನ್ ಬ್ಲ್ಯಾಕ್ ಆರ್ ವೈಟ್’ ಅನ್ನಿ. ಅಥವಾ ‘ಕಮ್ಸ್ ಇನ್ ಟೂ ಕಲರ್ಸ್: ಬ್ಲ್ಯಾಕ್ ಆ್ಯಂಡ್ ವೈಟ್’ ಅನ್ನಿ. ಒಂದೇ ವಸ್ತುವಿನ ಮೇಲೆ ಎರಡೂ ಬಣ್ಣ ಇದ್ದರೆ ‘ಎ ಬ್ಲ್ಯಾಕ್-ಆ್ಯಂಡ್-ವೈಟ್ ಅಂಬ್ರೆಲಾ’ ಅಂತ ನಡುವೆ ಚಿಕ್ಕ ಗೆರೆ ಹಾಕಿ ಪದಗಳನ್ನು ಕಟ್ಟಿಬಿಡಿ. ಪಟ್ಟೆ ಇದ್ದರೆ ‘ಸ್ಟ್ರೈಪ್ಡ್’ ಅಂತ ಬಾಯಿಬಿಟ್ಟು ಹೇಳಿ.

ಪಟ್ಟಿಯಲ್ಲಿ ಒಂಟಿ ಬಣ್ಣ, ಜೋಡಿ ಬಣ್ಣ ಎರಡೂ ಇದ್ದಾಗ ಇನ್ನೂ ಹುಷಾರಾಗಿರಬೇಕು. ‘ರೆಡ್, ಬ್ಲೂ, ಬ್ಲ್ಯಾಕ್ ಆ್ಯಂಡ್ ವೈಟ್’ ಅಂದರೆ ಆಯ್ಕೆ ಮೂರೋ ನಾಲ್ಕೋ? ಓದುವವರು ಊಹಿಸಬೇಕು. ಎಣಿಕೆ ಹೇಳಿದ್ದರೆ ಊಹಿಸಬೇಕಿಲ್ಲ. ಇಲ್ಲವಾದರೆ ಜೋಡಿಯನ್ನು ಪಟ್ಟಿಯ ಮೊದಲಿಗೆ ತನ್ನಿ.

ಎಣಿಕೆ ಹೇಳಿದ ಮೇಲೆ ಅದನ್ನು ಕಾಯಬೇಕು. ‘ಫೋರ್ ಕಲರ್ಸ್’ ಅಂತ ಹೇಳಿ ಮೂರು ಹೆಸರು ಕೊಟ್ಟರೆ ಇಡೀ ವಿವರಣೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಸಾಮಾನ್ಯವಾಗಿ ಇದು ಆಗುವುದು ಒಂದು ಬಣ್ಣ ನಿಂತುಹೋದಾಗ. ಹೆಸರು ಅಳಿಸುತ್ತೇವೆ, ಅಂಕಿ ಮರೆಯುತ್ತೇವೆ.

ಹಂತ 4: ಹತ್ತಿರದ ಪದಗಳನ್ನು ಕಲಸಬೇಡಿ

‘ಮಲ್ಟಿಪಲ್ ಕಲರ್ಸ್’ ಅಂದರೆ ಹಲವು ಬಣ್ಣಗಳ ಆಯ್ಕೆ. ‘ಮಲ್ಟಿಕಲರ್’ ಅಂದರೆ ಒಂದೇ ವಸ್ತುವಿನಲ್ಲಿ ಹಲವು ಬಣ್ಣ. ಕೇಳಲು ಒಂದೇ ಥರ, ಅರ್ಥ ಪೂರ್ತಿ ಬೇರೆ. ‘ಕಮ್ಸ್ ಇನ್ ಮಲ್ಟಿಕಲರ್’ ಅಂತ ಬರೆದರೆ ಬಣ್ಣಬಣ್ಣದ ಒಂದೇ ವಸ್ತು ಕೊಡುತ್ತೇವೆ ಅಂತ ಹೇಳಿದ ಹಾಗೆ.

‘ಅಸಾರ್ಟೆಡ್ ಕಲರ್ಸ್’ ಇನ್ನೊಂದು ಮುಖ್ಯ ಪದ. ಇದರಲ್ಲಿ ಬಣ್ಣಗಳು ಬೆರಕೆಯಾಗಿ ಇರುತ್ತವೆ. ಇಂಥದ್ದೇ ಬೇಕು ಅಂತ ಕೊಳ್ಳುವವರು ಸಾಮಾನ್ಯವಾಗಿ ಕೇಳುವಂತಿಲ್ಲ. ಆರಿಸುವ ಅವಕಾಶ ಇದ್ದರೆ ‘ಯುವರ್ ಚಾಯ್ಸ್ ಆಫ್’ ಬಳಸಿ. ಅವಕಾಶ ಇಲ್ಲದಿದ್ದರೆ ಅದನ್ನು ಮುಚ್ಚಿಡಬೇಡಿ. ‘ಕಲರ್ಸ್ ಮೇ ವೇರಿ’ ಅಂತ ಸೇರಿಸಿ. ಇದು ಪ್ರಾಮಾಣಿಕತೆಯ ಮಾತು, ಇಲ್ಲಿ ರಾಜಿ ಬೇಡ.

ಪೆಟ್ಟಿಗೆಯ ಲೆಕ್ಕವೂ ಇದಕ್ಕೇ ಸೇರಿದ್ದು. 1903ರಲ್ಲಿ ಬಂದ ಕ್ರೆಯೋಲಾ ಬ್ರ್ಯಾಂಡಿನ ಮೊದಲ ಕ್ರೇಯಾನ್ ಪೆಟ್ಟಿಗೆಯಲ್ಲಿ 8 ಬಣ್ಣದ ಕಡ್ಡಿಗಳಿದ್ದವು. 1958ರಲ್ಲಿ 64 ಕಡ್ಡಿಗಳ ಪೆಟ್ಟಿಗೆ ಬಂತು. ಇದನ್ನು ‘ಎ ಬಾಕ್ಸ್ ಆಫ್ 64 ಕಲರ್ಸ್’ ಅಂದರೆ ಅಷ್ಟೂ ಬಣ್ಣ ಒಟ್ಟಿಗೆ ಕೈಗೆ ಬರುತ್ತದೆ ಎಂದರ್ಥ. ‘ದ ಬಾಕ್ಸ್ ಕಮ್ಸ್ ಇನ್ 64 ಕಲರ್ಸ್’ ಅಂದರೆ ಪೆಟ್ಟಿಗೆಯೇ 64 ಬಣ್ಣಗಳಲ್ಲಿ ಇದೆ, ಒಂದನ್ನು ಆರಿಸಿಕೊಳ್ಳಿ ಎಂದಾಗುತ್ತದೆ. ಸೆಟ್‌ಗಳ ಬಗ್ಗೆ ಬರೆಯುವಾಗ ‘ಎಲ್ಲವೂ ಒಟ್ಟಿಗೋ, ಒಂದು ಮಾತ್ರವೋ?’ ಅಂತ ನಿಮ್ಮನ್ನು ನೀವು ಕೇಳಿಕೊಳ್ಳಿ.

ಹಂತ 5: ‘ಇನ್’ ಜಾಗದಲ್ಲಿ ‘ವಿತ್’ ಬರದಂತೆ ನೋಡಿ

‘ಬಣ್ಣದಲ್ಲಿ ಬರುತ್ತೆ’ ಅಂದರೆ ‘ಕಮ್ಸ್ ಇನ್’. ‘ಜೊತೆಗೆ ಬರುತ್ತೆ’ ಅಂದರೆ ‘ಕಮ್ಸ್ ವಿತ್’. ಫೋನು ‘ಕಮ್ಸ್ ಇನ್ ಬ್ಲೂ’, ಆದರೆ ‘ಕಮ್ಸ್ ವಿತ್ ಎ ಚಾರ್ಜರ್’. ಇಲ್ಲೂ ಕನ್ನಡವೇ ದಾರಿ ತೋರಿಸುತ್ತದೆ. ‘ಅಲ್ಲಿ’ ಅನ್ನುತ್ತೀರೋ ‘ಜೊತೆಗೆ’ ಅನ್ನುತ್ತೀರೋ ಅಂತ ಒಮ್ಮೆ ಹೇಳಿ ನೋಡಿ.

ಒಂದೇ ವಾಕ್ಯದಲ್ಲಿ ‘ಕಮ್ಸ್ ಇನ್ ರೆಡ್’ ಮತ್ತು ‘ಕಮ್ಸ್ ಇನ್ ಎ ಗಿಫ್ಟ್ ಬಾಕ್ಸ್’ ಎರಡನ್ನೂ ತುರುಕಬೇಡಿ. ಕೆಂಪಾಗಿರುವುದು ವಸ್ತುವೋ ಡಬ್ಬವೋ ಅನ್ನುವ ಗೊಂದಲ ಹುಟ್ಟುತ್ತದೆ. ಎರಡು ವಾಕ್ಯ ಮಾಡಿ.

ಇನ್ನೊಂದು ವಿಷಯ. ‘ಮೇಡ್ ಇನ್ ಬ್ಲೂ’ ಅಂತ ಬರೆಯದಿರುವುದು ಒಳ್ಳೆಯದು. ‘ಮೇಡ್ ಇನ್’ ಕಂಡ ಕೂಡಲೇ ಓದುವವರು ಮುಂದೆ ದೇಶದ ಹೆಸರು ಕಾಯುತ್ತಾರೆ.

ಹಂತ 6: ಬಣ್ಣಕ್ಕೆ ಸರಿಯಾದ ಹೆಸರಿಡಿ

ಇದು ನನಗೆ ತುಂಬಾ ಇಷ್ಟವಾದ ಭಾಗ. 1998ರಲ್ಲಿ ಆಪಲ್ ಕಂಪನಿಯ ಐಮ್ಯಾಕ್ ಬಂದಾಗ ಅದರ ಬಣ್ಣದ ಹೆಸರು ಬಾಂಡಿ ಬ್ಲೂ. 1999ರ ಜನವರಿಯಲ್ಲಿ ಅದು ಐದು ಬಣ್ಣಗಳಲ್ಲಿ ಬಂತು. ಹೆಸರುಗಳು ಬ್ಲೂಬೆರಿ, ಗ್ರೇಪ್, ಟ್ಯಾಂಜರೀನ್, ಲೈಮ್, ಸ್ಟ್ರಾಬೆರಿ. ಎಲ್ಲವೂ ಹಣ್ಣುಗಳು! ಕಂಪ್ಯೂಟರ್ ಅಂದರೆ ತಿಳಿಬೂದು ಡಬ್ಬ ಅನ್ನುವ ಕಾಲದಲ್ಲಿ ಈ ಹೆಸರುಗಳು ಮನಸ್ಸಿನಲ್ಲಿ ನಿಂತವು.

ಇಂಥ ಹೆಸರು ಚಂದ, ನಿಜ. ಆದರೆ ‘ಗ್ರೇಪ್’ ಅಂದರೆ ನೇರಳೆಯೋ ಹಸಿರೋ? ದ್ರಾಕ್ಷಿ ಎರಡೂ ಬಣ್ಣದ್ದಿರುತ್ತದೆ. ಹಾಗಾಗಿ ಅಲಂಕಾರದ ಹೆಸರು ಇಟ್ಟರೆ ಪಕ್ಕದಲ್ಲೇ ಸಾದಾ ಬಣ್ಣವನ್ನೂ ಹೇಳಿ. ‘ಕಮ್ಸ್ ಇನ್ ಮಿಡ್‌ನೈಟ್, ಎ ಡೀಪ್ ಬ್ಲೂ’ ಅಂದರೆ ಸಾಕು. ಹುಡುಕುವವರು ಟೈಪ್ ಮಾಡುವುದು ಮಿಡ್‌ನೈಟ್ ಅಂತ ಅಲ್ಲ, ಬ್ಲೂ ಅಂತ.

ಸಾದಾ ಬಣ್ಣದ ಹೆಸರು ವಾಕ್ಯದ ನಡುವೆ ಬಂದರೆ ದೊಡ್ಡಕ್ಷರ ಬೇಡ. ರೆಡ್, ನೇವಿ, ಬೀಜ್ ಎಲ್ಲವೂ ಸಣ್ಣಕ್ಷರದಲ್ಲೇ ಶುರುವಾಗುತ್ತವೆ. ಕಂಪನಿಯೇ ಇಟ್ಟ ವಿಶೇಷ ಹೆಸರಾದರೆ ದೊಡ್ಡಕ್ಷರ ಬಳಸಬಹುದು.

ಕಾಗುಣಿತದ ಪ್ರಶ್ನೆ ಖಂಡಿತ ಬರುತ್ತದೆ. ‘ಕಲರ್’ ಪದಕ್ಕೆ ಬ್ರಿಟಿಷರು ‘ಯು’ ಹಾಕುತ್ತಾರೆ, ಅಮೆರಿಕನ್ನರು ಬಿಡುತ್ತಾರೆ. ‘ಯು’ ಬಿಟ್ಟ ರೂಪ ಅಮೆರಿಕದಲ್ಲಿ ನೆಲೆಯೂರಲು ನೋವಾ ವೆಬ್‌ಸ್ಟರ್ ಅವರ 1828ರ ನಿಘಂಟು ದೊಡ್ಡ ಕಾರಣ. ‘ಗ್ರೇ’ ಬರೆಯುವಾಗ ಬ್ರಿಟಿಷರದು ‘ಇ’, ಅಮೆರಿಕನ್ನರದು ‘ಎ’. ಎರಡೂ ಸರಿ. ಓದುಗರು ಯಾರು ಅಂತ ನೋಡಿ ಒಂದನ್ನು ಹಿಡಿಯಿರಿ. ಒಂದೇ ಪುಟದಲ್ಲಿ ಎರಡೂ ಕಂಡರೆ ಮಾತ್ರ ಅಸಡ್ಡೆ ಅನ್ನಿಸುತ್ತದೆ.

ಹಂತ 7: ಬಣ್ಣದ ಚೌಕದ ಜೊತೆ ಹೆಸರನ್ನೂ ಬರೆಯಿರಿ

ಬರೀ ಬಣ್ಣದ ಚೌಕಗಳನ್ನು ತೋರಿಸಿ ಸುಮ್ನೆ ಬಿಡುವ ಪುಟಗಳು ತುಂಬಾ ಇವೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಬಣ್ಣಗಳನ್ನು ಬೇರ್ಪಡಿಸಿ ನೋಡುವುದರಲ್ಲಿ ತೊಂದರೆ ಇರುತ್ತದೆ. ಹೆಚ್ಚಿನವರಿಗೆ ಕೆಂಪು ಮತ್ತು ಹಸಿರಿನ ನಡುವೆ. ಕಣ್ಣು ಕಾಣದವರು ಪುಟವನ್ನು ಓದಿಸಿ ಕೇಳುತ್ತಾರೆ. ಬಣ್ಣದ ಚೌಕ ಇವರಿಗೆ ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ‘ಮರೂನ್’ ಅಂತ ಒಂದು ಪದ ಇದ್ದರೆ ಎಲ್ಲರಿಗೂ ತಿಳಿಯುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ದಯವಿಟ್ಟು ಸೋಮಾರಿತನ ಮಾಡಬೇಡಿ.

ಪರದೆಯಿಂದ ಪರದೆಗೆ ಬಣ್ಣ ಬದಲಾಗಿ ಕಾಣುತ್ತದೆ. ಬಟ್ಟೆ, ನೂಲು, ಪೇಂಟ್ ಮಾರುವವರು ‘ಆ್ಯಕ್ಚುವಲ್ ಕಲರ್ ಮೇ ವೇರಿ ಸ್ಲೈಟ್ಲಿ’ ಅಂತ ಒಂದು ಸಾಲು ಸೇರಿಸುವುದು ಒಳ್ಳೆಯದು.

ಹಂತ 8: ವಾಕ್ಯಕ್ಕೆ ಒಂದು ಕ್ರಮ, ಖಾನೆಗೆ ಇನ್ನೊಂದು

ಆನ್‌ಲೈನ್ ಮಾರಾಟದಲ್ಲಿ ವಿವರಣೆಯ ಜೊತೆ ಬಣ್ಣಕ್ಕೆಂದೇ ಒಂದು ಖಾನೆ ಇರುತ್ತದೆ. ಅಲ್ಲಿ ‘ಕಮ್ಸ್ ಇನ್’ ಬೇಡವೇ ಬೇಡ. ಆ ಒಂದು ವಸ್ತುವಿನ ಬಣ್ಣವನ್ನು ಮಾತ್ರ ಬರೆಯಬೇಕು. ಮಾರುವವರು ತಮ್ಮ ವಸ್ತುಗಳನ್ನು ಗೂಗಲ್‌ನಲ್ಲಿ ತೋರಿಸಲು ವಿವರ ತುಂಬುವ ಗೂಗಲ್ ಮರ್ಚೆಂಟ್ ಸೆಂಟರ್‌ನ ಕ್ರಮವನ್ನೇ ನೋಡಿ. ಒಂದೇ ವಸ್ತುವಿನಲ್ಲಿ ಹಲವು ಬಣ್ಣ ಇದ್ದರೆ ಮುಖ್ಯ ಬಣ್ಣ ಮೊದಲು, ಆಮೇಲೆ ಇನ್ನೆರಡರವರೆಗೆ, ನಡುವೆ ಓರೆಗೆರೆ. ಆಯ್ಕೆಯ ಬಣ್ಣಗಳನ್ನು ಹಾಗೆ ಒಂದೇ ಕಡೆ ಸೇರಿಸುವಂತಿಲ್ಲ, ಒಂದೊಂದಕ್ಕೂ ಬೇರೆ ಬೇರೆ ನಮೂದು ಬೇಕು. ನೋಡಿ, ಕೊಡೆಯ ಕಥೆ ಇಲ್ಲೂ ಬಂತು. ಕಪ್ಪು, ಓರೆಗೆರೆ, ಬಿಳಿ ಅಂತ ಖಾನೆಯಲ್ಲಿ ಬರೆದರೆ ಎರಡೂ ಬಣ್ಣ ಇರುವ ಒಂದೇ ಕೊಡೆ ಎಂದೇ ಅರ್ಥ.

ಹಂತ 9: ಪ್ರಶ್ನೆ ಬಂದಾಗ ಉತ್ತರ ಕೊಡಿ

ಗ್ರಾಹಕರು ಕೇಳುವುದು ಮುಖ್ಯವಾಗಿ ಮೂರು ರೀತಿ. ‘ಡಸ್ ಇಟ್ ಕಮ್ ಇನ್ ಗ್ರೀನ್?’ ‘ವಾಟ್ ಕಲರ್ಸ್ ಡಸ್ ಇಟ್ ಕಮ್ ಇನ್?’ ‘ಡು ಯು ಹ್ಯಾವ್ ದಿಸ್ ಇನ್ ಗ್ರೀನ್?’ ಪ್ರಶ್ನೆಯಲ್ಲಿ ‘ಡಸ್’ ಬಂದರೆ ‘ಕಮ್ಸ್’ ತನ್ನ ‘ಸ್’ ಕಳೆದುಕೊಳ್ಳುತ್ತದೆ. ಎರಡನೇ ಪ್ರಶ್ನೆಯ ಕೊನೆಯ ‘ಇನ್’ ಬಿಡಬಾರದು. ಕನ್ನಡದಲ್ಲಿ ‘ಯಾವ ಬಣ್ಣದಲ್ಲಿ’ ಅಂತ ಮೊದಲೇ ಹೇಳುವುದರಿಂದ ಕೊನೆಯಲ್ಲಿ ಅದು ನಮಗೆ ಮರೆತುಹೋಗುತ್ತದೆ.

ಇಲ್ಲ ಅನ್ನುವಾಗ ‘ನೋ’ ಒಂದೇ ಪದಕ್ಕೆ ನಿಲ್ಲಿಸಬೇಡಿ. ‘ಇಟ್ ಡಸಂಟ್ ಕಮ್ ಇನ್ ಗ್ರೀನ್, ಬಟ್ ಇಟ್ ಡಸ್ ಕಮ್ ಇನ್ ಆಲಿವ್’ ಅಂದರೆ ಕೇಳಿದವರಿಗೆ ಮುಂದಿನ ದಾರಿ ಕಾಣುತ್ತದೆ. ಬಣ್ಣ ಇದೆ, ಸ್ಟಾಕ್ ಇಲ್ಲ ಅಂದಾಗ ಮೊದಲ ಹಂತದ ಜೋಡಿ ನೆನಪಿಸಿಕೊಳ್ಳಿ: ‘ಇಟ್ ಕಮ್ಸ್ ಇನ್ ಗ್ರೀನ್, ಬಟ್ ಗ್ರೀನ್ ಈಸ್ ಔಟ್ ಆಫ್ ಸ್ಟಾಕ್ ರೈಟ್ ನೌ’.

ಹಂತ 10: ಒಂದು ಕೆಟ್ಟ ವಿವರಣೆಯನ್ನು ತಿದ್ದಿ ನೋಡಿ

ಈ ಸಾಲು ತೆಗೆದುಕೊಳ್ಳಿ. ‘ದಿಸ್ ಬಾಟಲ್ ಈಸ್ ಕಮಿಂಗ್ ವಿತ್ ಡಿಫರೆಂಟ್ ಡಿಫರೆಂಟ್ ಕಲರ್. ರೆಡ್ ಕಲರ್, ಬ್ಲೂ ಕಲರ್, ಬ್ಲ್ಯಾಕ್ ಆ್ಯಂಡ್ ವೈಟ್ ಕಲರ್ ಓನ್ಲಿ.’

‘ಈಸ್ ಕಮಿಂಗ್’ ತೆಗೆದು ‘ಕಮ್ಸ್’ ಹಾಕಿ. ‘ವಿತ್’ ಹೋಗಲಿ, ‘ಇನ್’ ಬರಲಿ. ಜೋಡಿ ‘ಡಿಫರೆಂಟ್’ ಬದಲು ಎಣಿಕೆ ಹೇಳಿ. ಅದಕ್ಕೆ ಮೊದಲು ಬಾಟಲಿಗಳನ್ನೇ ಎದುರಿಗೆ ಇಟ್ಟುಕೊಂಡು ನೋಡಿ, ಕಪ್ಪು ಬಿಳಿ ಒಂದೇ ಬಾಟಲಿಯೋ ಎರಡೋ ಅಂತ. ಎರಡು ಅಂತಾದರೆ ಒಟ್ಟು ನಾಲ್ಕು. ಮತ್ತೆ ಮತ್ತೆ ಬಂದ ‘ಕಲರ್’ ಎಲ್ಲ ಅಳಿಸಿ, ಒಂದು ಕಡೆ ‘ಕಲರ್ಸ್’ ಉಳಿಸಿ. ಕೊನೆಯ ‘ಓನ್ಲಿ’ ಬೇಕಾಗಿಲ್ಲ. ಬಿಳಿ ಈಗ ಸ್ಟಾಕ್‌ನಲ್ಲಿ ಇಲ್ಲ ಅಂದುಕೊಳ್ಳಿ, ಅದನ್ನು ಬೇರೆ ವಾಕ್ಯದಲ್ಲಿ ಹೇಳಿ. ಉಳಿಯುವುದು ಇಷ್ಟು:

‘ದಿಸ್ ಬಾಟಲ್ ಕಮ್ಸ್ ಇನ್ ಫೋರ್ ಕಲರ್ಸ್: ರೆಡ್, ಬ್ಲೂ, ಬ್ಲ್ಯಾಕ್ ಆ್ಯಂಡ್ ವೈಟ್. ವೈಟ್ ಈಸ್ ಕರೆಂಟ್ಲಿ ಔಟ್ ಆಫ್ ಸ್ಟಾಕ್.’